ಹಿಂದಿನ ಬೆಂಚು, ಸೀಮೆಸುಣ್ಣವಿಲ್ಲದೆ

ಜುಲೈ 8, ಸೋಮವಾರ

ಇವತ್ತು ಆದೇಶ ಬಂತು. ಜವಾನ ಅದನ್ನು ಮೊದಲೇ ಓದಿಕೊಂಡಿದ್ದ ಎಂಬುದು ಅವನ ಮೀಸೆಯಡಿಯ ನಗುವಿನಲ್ಲೇ ಗೊತ್ತಾಗುತ್ತಿತ್ತು. "ಮೇಡಂ, ಇನ್ಮೇಲೆ ನಿಮಗೂ ಸ್ಕೂಲು," ಎಂದು ಮೇಜಿನ ಮೇಲಿಟ್ಟು ಹೋದ. ಎಂಟು ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಸರ್ಕಾರಿ ಶಾಲೆಗಳ ಮುಖ್ಯಸ್ಥರಿಗೆ ನಾಯಕತ್ವ ತರಬೇತಿ. ಹಾಜರಿ ಕಡ್ಡಾಯ.

ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದವಳಿಗೆ ಈಗ ಅ ಆ ಇ ಈ. ಹಳೆಯ ಹೆಡ್‌ಮಾಸ್ಟರು ನಿವೃತ್ತರಾಗಿ ಬೀಗದ ಕೈಗಳ ಗೊಂಚಲನ್ನು ನನ್ನ ಕೈಗೆ ಹಾಕಿ ಆರು ವಾರವಾಯಿತು. ಆರೇ ವಾರದಲ್ಲಿ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತಿದೆ, ಹಿತ್ತಲಿನ ನಲ್ಲಿ ಸೋರುವುದು ನಿಂತಿದೆ, ನಾನು ಒಳಗೆ ಕಾಲಿಟ್ಟರೆ ಸ್ಟಾಫ್ ರೂಮಿನ ಹರಟೆಯೂ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚಿನ ನಾಯಕತ್ವ ಏನಿದೆಯೋ, ಹೋಗಿ ನೋಡಬೇಕು.

ತಲೆನೋವು ಒಂದೇ: ಹೊಸದಾಗಿ ಬಂದಿರುವ ಲೆಕ್ಕದ ಟೀಚರ್. ಮೊದಲ ನೌಕರಿ. ನಾನು ಏಳನೇ ತರಗತಿ ಇಟ್ಟುಕೊಂಡು ಅವಳಿಗೆ ಆರನೆಯದನ್ನು ಕೊಟ್ಟಿದ್ದೇನೆ. ಬಾಗಿಲ ಹೊರಗೆ ನಿಂತರೆ ಅವಳ ಮಾತು ಒಂದಕ್ಷರವೂ ಕೇಳುವುದಿಲ್ಲ. ಮನಸ್ಸಿನಲ್ಲೇ ಅವಳಿಗೆ ಪಿಸುಮಾತು ಎಂದು ಹೆಸರಿಟ್ಟಿದ್ದೇನೆ.

ಮನೆಗೆ ಬಂದು ತರಬೇತಿಯ ವಿಷಯ ಹೇಳಿದೆ. ಮುಂದಿನ ಕೋಣೆಯೇ ಇವರ ಟೈಲರ್ ಅಂಗಡಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಪಾಪ," ಎಂದರು. "ಯಾರಿಗೆ, ನನಗಾ?" ಎಂದೆ. "ಅಲ್ಲ, ನಿನಗೆ ಕಲಿಸೋರಿಗೆ," ಎಂದರು. ಮಗಳು ಒಳಗಿನಿಂದ ನಕ್ಕಿದ್ದು ಕೇಳಿಸಿತು.

ಜುಲೈ 13, ಶನಿವಾರ

ತರಬೇತಿ ಕೊಡುವವರು ಒಬ್ಬ ಹಿರಿಯಮ್ಮ. ನಲವತ್ತು ವರ್ಷ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರಂತೆ. ಎರಡೂ ಕಿವಿಯಲ್ಲಿ ಶ್ರವಣಯಂತ್ರ. ನಾವು ಮಾತಾಡುವಾಗ ಕಣ್ಣು ಮಿಟುಕಿಸದೆ ನಮ್ಮ ತುಟಿಯನ್ನೇ ನೋಡುತ್ತಾರೆ. ಕೇಳಿಸಿಕೊಳ್ಳುವುದು ಹೇಗೆ ಎಂದು ಕಲಿಸಲು ಕಿವಿ ಕೇಳದವರೇ ಬೇಕಾಗಿತ್ತೇ ಎಂದು ಪಕ್ಕದವರಿಗೆ ಹೇಳೋಣವೆಂದರೆ, ಆ ಮಹಾಶಯರು ಹತ್ತು ಗಂಟೆಗೇ ನಿದ್ದೆ ಹೋಗಿದ್ದರು. ಬಸ್ ಡಿಪೋ ಹಿಂದಿನ ಶಾಲೆಯ ಹೆಡ್‌ಮಾಸ್ಟರು. ಗೊರಕೆ ಮೇಷ್ಟ್ರು ಎಂದರೆ ಅವರಿಗೇನೂ ಅನ್ಯಾಯವಾಗದು.

ಇಡೀ ದಿನದ ಸಾರ ಒಂದು ಹಾಳೆ. ನಡುವೆ ಗೆರೆ ಎಳೆದು ಎರಡು ಕಾಲಂ. ಎಡಗಡೆ "ಕಂಡದ್ದು, ಕೇಳಿದ್ದು". ಬಲಗಡೆ "ನನಗನ್ನಿಸಿದ್ದು". ನಮ್ಮ ಶಾಲೆಯ ಒಬ್ಬ ಶಿಕ್ಷಕರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎಡಗಡೆ ಮಾತ್ರ ತುಂಬಬೇಕು. "ಬಲಗಡೆ ಖಾಲಿ ಬಿಡಿ. ಅದಕ್ಕೇನೂ ಅವಸರವಿಲ್ಲ," ಎಂದರು ಹಿರಿಯಮ್ಮ.

ಇದಕ್ಕೆ ಒಂದು ಶನಿವಾರ ಬೇಕಿತ್ತೇ? ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು. ಬಟ್ಟೆ ಒಗೆಯುವುದೆಲ್ಲ ನಾಳೆಗೆ ಉಳಿಯಿತು.

ಜುಲೈ 17, ಬುಧವಾರ

ಇವತ್ತು ನಾನು ಹೋಗದಿದ್ದರೆ ನಲವತ್ತು ಮಕ್ಕಳ ಗತಿ ಏನಾಗುತ್ತಿತ್ತೋ.

ಮೂರನೇ ಪೀರಿಯಡ್ಡಿಗೆ ಪಿಸುಮಾತಿನ ತರಗತಿಗೆ ಹೋಗಿ ಹಿಂದೆ ಕೂತೆ. ಭಿನ್ನರಾಶಿ ಪಾಠ. ಬೋರ್ಡಿನ ಮೇಲೆ 1/2 + 1/3 ಎಂದು ಬರೆದು, "ಎಷ್ಟಾಗಬಹುದು?" ಎಂದಳು. ಮೊದಲ ಬೆಂಚಿನ ಚೂಟಿ ಹುಡುಗಿಯೊಬ್ಬಳು "ಐದರಲ್ಲಿ ಎರಡು!" ಎಂದು ಕೂಗಿದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದಾಳೆ. ಎಲ್ಲ ಮಕ್ಕಳೂ ಮಾಡುವ ತಪ್ಪು, ಅದಿರಲಿ. ಟೀಚರಾದವಳು ಏನು ಮಾಡಿದಳು? ತಪ್ಪು ಎನ್ನಲಿಲ್ಲ. ಬೋರ್ಡಿನ ಮೇಲೆ 2/5 ಎಂದು ದೊಡ್ಡದಾಗಿ ಬರೆದಳು, ಸುತ್ತ ಚೌಕ ಬೇರೆ ಹಾಕಿದಳು, "ಎಲ್ಲರೂ ಬರ್ಕೊಳ್ಳಿ," ಎಂದಳು!

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ. "ನೋಡಮ್ಮ, ನೀನು ಸ್ವಲ್ಪ ಪಕ್ಕಕ್ಕೆ ಬಾ," ಎಂದು ಆ ಚೌಕವನ್ನು ಅಳಿಸಿ, ಛೇದ ಸಮ ಮಾಡಿ, 3/6 ಕೂಡಿಸು 2/6, ಒಟ್ಟು 5/6 ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದೆ. ಮಕ್ಕಳು ಪಟಪಟನೆ ಬರೆದುಕೊಂಡರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅವಳು ಕಿಟಕಿ ಹತ್ತಿರ ನಿಂತು ನೋಡುತ್ತಿದ್ದಳು. ನೋಡಿ ಕಲಿಯಲಿ.

ಹಾಳೆಯ ಬಲಗಡೆ ತುಂಬಾ ಬರೆದಿದ್ದೇನೆ. ಜಾಗ ಸಾಲದೆ ಹಿಂದೆಯೂ ಬರೆದೆ.

ಜುಲೈ 20, ಶನಿವಾರ

ಹಿರಿಯಮ್ಮ ನನ್ನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಧ್ವನಿ ಸಾಲದು. ತಯಾರಿ ಇಲ್ಲ. ವಿಷಯಜ್ಞಾನ ಅನುಮಾನ," ಎಂದು ನನ್ನದೇ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಆಮೇಲೆ, "ಎಡಗಡೆ ಏನೂ ಇಲ್ವಲ್ಲ. ಮಕ್ಕಳು ಏನ್ ಮಾಡ್ತಿದ್ರು?" ಎಂದರು.

"ಬರ್ಕೊಳ್ತಿದ್ರು."

"ನೀವು ಏಳೋದಕ್ಕೆ ಮುಂಚೆ?"

ನೆನಪಾಗಲಿಲ್ಲ. ನಿಜವಾಗಿ ನೆನಪಾಗಲಿಲ್ಲ. ನನ್ನ ಕಣ್ಣೆಲ್ಲ ಆ ಚೌಕದ ಮೇಲಿತ್ತು. "ಬೋರ್ಡ್ ಮೇಲೆ ತಪ್ಪು ಉತ್ತರ ಇದ್ರೆ ನೋಡ್ಕೊಂಡು ಕೂರೋಕಾಗುತ್ತಾ ಅಮ್ಮ?" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಾ, "ಕಷ್ಟ. ತುಂಬಾ ಕಷ್ಟ," ಎಂದು ಹಾಳೆ ವಾಪಸ್ಸು ಕೊಟ್ಟರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಗೊರಕೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ನಂದೂ ಎಡಗಡೆ ಖಾಲಿ, ಬೇಜಾರು ಮಾಡ್ಕೋಬೇಡಿ," ಎಂದರು.

ಜುಲೈ 23, ಮಂಗಳವಾರ

ಮೇಜಿನ ಮೇಲೆ ಪಿಸುಮಾತಿನ ವರ್ಗಾವಣೆ ಅರ್ಜಿ. ಕಾರಣ: ವೈಯಕ್ತಿಕ. ನಾನು ಸಹಿ ಹಾಕಿ, ಮೊಹರು ಒತ್ತಿ, ಮೇಲಿನ ಕಚೇರಿಗೆ ಕಳಿಸಬೇಕು. ಆಗಸ್ಟ್ ಮೂವತ್ತು ಕೊನೆ ದಿನ.

ಅವಳು ಹೋದರೆ ಈ ವರ್ಷ ಬದಲಿ ಯಾರೂ ಬರುವುದಿಲ್ಲ. ಆರನೇ ತರಗತಿಗೆ ಲೆಕ್ಕವೇ ಇಲ್ಲದಂತಾಗುತ್ತದೆ.

ಅರ್ಜಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಜುಲೈ 24, ಬುಧವಾರ

ಒಂದು ಮಾತು ಹೇಳಿದರೆ ಮುಖ ಊದಿಸಿಕೊಂಡು ಹೊರಡುವವರು ಟೀಚರ್ ಕೆಲಸಕ್ಕೆ ಯಾಕೆ ಬರಬೇಕು?

ಜುಲೈ 27, ಶನಿವಾರ

ಚಹಾದ ಹೊತ್ತಿಗೆ ಗೊರಕೆ ಮೇಷ್ಟ್ರು ಪೂರ್ತಿ ಎಚ್ಚರವಾಗಿದ್ದರು. ಹೋದ ವರ್ಷ ಅವರ ಶಾಲೆಯಿಂದ ಇಬ್ಬರು ಟೀಚರುಗಳು ವರ್ಗ ತೆಗೆದುಕೊಂಡು ಹೋದರಂತೆ. "ಇಬ್ಬರೂ ವೈಯಕ್ತಿಕ ಕಾರಣ ಅಂತ ಬರೆದಿದ್ರು ಮೇಡಂ. ಆ ವ್ಯಕ್ತಿ ನಾನೇ ಅಂತ ಆಮೇಲೆ ಗೊತ್ತಾಯ್ತು," ಎಂದು ಬಿಸ್ಕತ್ತು ಅದ್ದಿಕೊಂಡು ತಿಂದರು. ಈಗ ಅವರ ಶಾಲೆಯಲ್ಲಿ ಮೂರು ತರಗತಿ ಸೇರಿಸಿ ಅವರೊಬ್ಬರೇ ನಡೆಸುತ್ತಾರಂತೆ. ಅದಕ್ಕೇ ಶನಿವಾರ ನಿದ್ದೆ.

ನನ್ನ ಡ್ರಾಯರಿನಲ್ಲಿರುವ ಕಾಗದದ ವಿಷಯ ಅವರಿಗೆ ಹೇಳಲಿಲ್ಲ.

ಆಗಸ್ಟ್ 1, ಗುರುವಾರ

ಶಾಲೆಯ ವಿಷಯ ಬರೆಯಲು ಮನಸ್ಸಿಲ್ಲ.

ಮಗಳು ಊಟದ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ, ಅಷ್ಟೇ. ನೋಟ್‌ಬುಕ್ ಮುಚ್ಚಿ, "ಆಯ್ತಮ್ಮ, ಮುಗೀತು," ಎಂದು ಎದ್ದು ಹೋದಳು. ಮೂರನೇ ಸಾಲಿನಲ್ಲಿ ಚಿಹ್ನೆ ತಪ್ಪಿತ್ತು, ನಾನು ನೋಡಿದೆ. ನನ್ನ ಮಗಳಾಗಿ ಎರಡು ವರ್ಷದಿಂದ ಒಂದು ಲೆಕ್ಕವನ್ನೂ ನನ್ನ ಹತ್ತಿರ ಕೇಳಿಲ್ಲ. ಊರ ಮಕ್ಕಳೆಲ್ಲ ನನ್ನಿಂದ ಕಲಿತರು.

ಇವರ ಅಂಗಡಿಯಲ್ಲಿ ಒಬ್ಬ ಗಿರಾಕಿ ಕೋಟು ತೊಟ್ಟು ನೋಡಲು ಬಂದಿದ್ದ. ಕನ್ನಡಿಯ ಮುಂದೆ ನಿಂತವನೇ, "ಏನ್ರೀ ಇದು, ಹೊಲಿಗೆ ಎಲ್ಲಾ ಸೊಟ್ಟಗಿದೆ, ದಾರ ಆಚೆಗೇ ಕಾಣ್ತಿದೆ," ಎಂದು ಕೂಗಾಡಿದ. ಇವರು ನಗುತ್ತಾ, "ಸ್ವಾಮಿ, ಅದು ಕಚ್ಚಾ ಹೊಲಿಗೆ. ನಿಮ್ಮ ಮೈಗೆ ಹೇಗೆ ಕೂರುತ್ತೆ ಅಂತ ನೋಡೋಕೆ ಹಾಕಿರೋದು. ಆಮೇಲೆ ಬಿಚ್ಚೋದೇ," ಎಂದರು. ಆತ ಹೋದ ಮೇಲೂ ನಾವಿಬ್ಬರೂ ನಕ್ಕೆವು. ಇಷ್ಟೂ ಗೊತ್ತಾಗದ ಜನ!

ಆಗಸ್ಟ್ 5, ಸೋಮವಾರ

ಇದನ್ನು ಬರೆಯದೇ ಇರಬಹುದು. ನಾನು ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲ ಶಿಕ್ಷಕರ ಪಾಠ ಯೋಜನೆಯ ಪುಸ್ತಕಗಳು ನನ್ನ ಮೇಜಿಗೆ ಬರುತ್ತವೆ. ಈ ವಾರ ಏನು ಕಲಿಸುತ್ತೇವೆ, ಹೇಗೆ ಕಲಿಸುತ್ತೇವೆ ಎಂದು ಅವರು ಬರೆದಿರುತ್ತಾರೆ, ನಾನು ಓದಿ ಸಹಿ ಹಾಕಬೇಕು. ಹನ್ನೊಂದು ಪುಸ್ತಕ. ಗಂಟೆ ಬಾರಿಸುವುದರೊಳಗೆ ಮುಗಿಯಬೇಕು. ಹಳೆಯ ಹೆಡ್‌ಮಾಸ್ಟರು ಪುಟ ತೆರೆದು ಹಿಡಿಯಲು ಜವಾನನನ್ನು ನಿಲ್ಲಿಸಿಕೊಂಡು ಸರಸರ ಸಹಿ ಎಳೆಯುತ್ತಿದ್ದರು. ನಾನೂ ಹಾಗೇ. ಎಲ್ಲ ಕಡೆಯೂ ಹಾಗೇ.

ಇವತ್ತು ಜವಾನ ರಜೆ. ಪಿಸುಮಾತಿನ ಪುಸ್ತಕದ ಪುಟ ನಾನೇ ಹುಡುಕಬೇಕಾಯಿತು. ಹುಡುಕುವಾಗ ಜುಲೈ ಹದಿನೈದರ ವಾರ ತೆರೆದುಕೊಂಡಿತು. ಬುಧವಾರ, ಮೂರನೇ ಪೀರಿಯಡ್. ದುಂಡಗಿನ ಅಕ್ಷರ:

"1/2 + 1/3 ಕೇಳುವುದು. ಬಹುಶಃ 2/5 ಎನ್ನುತ್ತಾರೆ. ತಪ್ಪು ಎಂದು ಹೇಳುವುದಿಲ್ಲ. ಬೋರ್ಡಿನ ಮೇಲೆ ಬರೆದು ಚೌಕ ಹಾಕಿ, ಎಲ್ಲರೂ ಬರೆದುಕೊಳ್ಳಲಿ. ಆಮೇಲೆ ಕಾಗದದ ಪಟ್ಟಿ ಕೊಡುವುದು. ಅರ್ಧ ಎಷ್ಟು, ಐದರಲ್ಲಿ ಎರಡು ಎಷ್ಟು, ಮಡಚಿ ಅಕ್ಕಪಕ್ಕ ಇಟ್ಟು ನೋಡಲಿ. ತಪ್ಪನ್ನು ಅವರೇ ಕಂಡುಹಿಡಿಯಬೇಕು. ಅವಸರ ಮಾಡಬಾರದು."

ಅದರ ಕೆಳಗೆ ನನ್ನ ಸಹಿ. ಮೊಹರು. "ನೋಡಿದೆ" ಎಂದು ನನ್ನದೇ ಕೈಬರಹ.

ಅವಳಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಹಾಳೆಯ ಹಿಂದೆ ಮುಂದೆ ಬರೆದೆ. ಅವಳು ಎರಡು ದಿನ ಮೊದಲೇ ಎಲ್ಲವನ್ನೂ ನನಗೆ ಬರೆದು ಕೊಟ್ಟಿದ್ದಳು, ನಾನು ಒಪ್ಪಿಗೆಯನ್ನೂ ಕೊಟ್ಟಿದ್ದೆ. ಆಮೇಲೆ ಅವಳ ಮಕ್ಕಳ ಮುಂದೆಯೇ ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡೆ. ಆವತ್ತು ಅವಳ ಮೇಜಿನ ಮೇಲೊಂದು ರಟ್ಟಿನ ಡಬ್ಬಿ ಇತ್ತು. ಒಳಗೆ ಪಟ್ಟಿಗಳಿದ್ದವು ಅಂತ ಕಾಣುತ್ತದೆ.

ನಾಚಿಕೆಯಾಗುತ್ತಿದೆ. ಬೇರೆ ಮಾತಿಲ್ಲ.

ಆಗಸ್ಟ್ 6, ಮಂಗಳವಾರ

ಕ್ಷಮೆ ಕೇಳಲು ಹೋಗಿ ಉಪದೇಶ ಮಾಡಿ ಬಂದೆ.

ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಇದ್ದಳು. "ಆವತ್ತಿನ ವಿಷಯ ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ, ನೀನೂ ಹಚ್ಚಿಕೊಳ್ಳಬೇಡ," ಎಂದು ಶುರು ಮಾಡಿದೆ. ಅಲ್ಲಿಂದ ನನ್ನ ಮೊದಲ ನೌಕರಿ, ನಮ್ಮ ಕಾಲದ ಹೆಡ್‌ಮಿಸ್ಟ್ರೆಸ್ಸು ನನ್ನನ್ನು ಹೊರಗೆ ನಿಲ್ಲಿಸಿದ್ದು, ನಾನು ಸಹಿಸಿಕೊಂಡು ಮೇಲೆ ಬಂದದ್ದು, ಎಲ್ಲ ಹೇಳಿದೆ. ಗಂಟೆ ಬಾರಿಸಿತು. ತಪ್ಪಾಯಿತು ಎನ್ನುವ ಒಂದು ಪದ ಮಾತ್ರ ಗಂಟಲಿನಲ್ಲೇ ಉಳಿಯಿತು.

ಅವಳು ಪುಸ್ತಕ ಎತ್ತಿಕೊಂಡು, "ಪರವಾಗಿಲ್ಲ ಮೇಡಂ. ನನ್ನ ಅರ್ಜಿ ಕಳಿಸಿದ್ರಾ?" ಎಂದಳು.

"ಪರಿಶೀಲನೆಯಲ್ಲಿದೆ," ಎಂದೆ. ಡ್ರಾಯರಿನಲ್ಲಿರುವುದಕ್ಕೆ ನಮ್ಮ ಭಾಷೆಯಲ್ಲಿ ಹಾಗೆ ಹೇಳುತ್ತಾರೆ.

ಆಗಸ್ಟ್ 10, ಶನಿವಾರ

ಎಲ್ಲರೂ ಊಟಕ್ಕೆ ಎದ್ದ ಮೇಲೆ ಹಿರಿಯಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಯೋಜನೆ ಓದದೆ ಸಹಿ ಹಾಕಿದ್ದು, ಸೀಮೆಸುಣ್ಣ, ಡ್ರಾಯರು. ಅವರು ತುಟಿ ನೋಡುವುದರಿಂದ ಬಾಯೊಳಗೇ ಗೊಣಗಿ ಪಾರಾಗುವಂತಿಲ್ಲ, ಪ್ರತಿ ಪದವನ್ನೂ ಸರಿಯಾಗಿ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಅವರ ಊಟದ ಡಬ್ಬಿ ಹಾಗೇ ಇತ್ತು, ಮುಚ್ಚಳವನ್ನೂ ತೆಗೆದಿರಲಿಲ್ಲ.

ಸಮಾಧಾನ ಮಾಡುತ್ತಾರೆ ಅಂದುಕೊಂಡೆ. "ನೀವು ಅವರ ತರಗತಿಗೆ ಹೋಗಿದ್ರಿ. ಅವರು ನಿಮ್ಮ ತರಗತಿಗೆ ಬಂದಿದಾರಾ?" ಎಂದರು.

"ನನ್ನ ತರಗತಿಗಾ? ಯಾಕೆ?"

"ಅದೇ ಹಾಳೆ ಕೊಡಿ. ಎಡಗಡೆ ಬರೀಲಿ."

ಬಸ್ಸಿನಲ್ಲಿ ಮನೆಗೆ ಬರುವಾಗೆಲ್ಲ ಅದೇ ಯೋಚನೆ. ಇಪ್ಪತ್ತಾರು ವರ್ಷದಲ್ಲಿ ಇನ್ಸ್‌ಪೆಕ್ಟರುಗಳನ್ನು ಬಿಟ್ಟರೆ ಇನ್ನೊಬ್ಬ ಟೀಚರ್ ನನ್ನ ಪಾಠ ನೋಡಿಲ್ಲ. ಹೆದರಿಕೆಯಾಗುತ್ತಿದೆ ಎಂದರೆ ಇವರು ನಗುತ್ತಾರೆ. ಆದ್ದರಿಂದ ಹೇಳಲಿಲ್ಲ.

ಆಗಸ್ಟ್ 14, ಬುಧವಾರ

ಬಂದು ಕೂತಳು. ನನ್ನ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಮಡಿಸಿಕೊಂಡು. ನಾನು ತುಂಬಾ ಚೆನ್ನಾಗಿ ಪಾಠ ಮಾಡಿದೆ. ಹಾಗಂತ ಅಂದುಕೊಂಡೆ.

ಸಂಜೆ ಹಾಳೆ ಕೊಟ್ಟಳು. ಬಲಗಡೆ ಪೂರ್ತಿ ಖಾಲಿ. ಎಡಗಡೆ ಆ ದುಂಡಗಿನ ಅಕ್ಷರ:

"ಮೇಡಂ ನಲವತ್ಮೂರು ಪ್ರಶ್ನೆ ಕೇಳಿದರು. ಮೂವತ್ತೊಂಬತ್ತಕ್ಕೆ ಅವರೇ ಉತ್ತರ ಹೇಳಿದರು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸುಮಾರು ಒಂದು ಸೆಕೆಂಡು. ಉಳಿದ ನಾಲ್ಕಕ್ಕೆ ಮುಂದಿನ ಬೆಂಚಿನ ಒಬ್ಬನೇ ಹುಡುಗ ಉತ್ತರಿಸಿದ. ಕಿಟಕಿ ಪಕ್ಕದ ಹುಡುಗಿ ಆರು ಸಲ ಕೈ ಎತ್ತಲು ಶುರುಮಾಡಿ ಇಳಿಸಿದಳು."

ಓದಿದ ಕೂಡಲೇ ಮೈ ಉರಿದುಹೋಯಿತು. ಸೇಡು ತೀರಿಸಿಕೊಂಡಿದ್ದಾಳೆ ಎಂದೇ ಅನಿಸಿತು. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಬಾಯಿಗೆ ಬಂದಂತೆ ಬೈದುಕೊಂಡೆ. ಆಮೇಲೆ ಕೈ ಒರೆಸಿಕೊಂಡು ಮತ್ತೆ ಓದಿದೆ. ಒಂದು ಕೆಟ್ಟ ಮಾತೂ ಇಲ್ಲ. ಒಳ್ಳೆಯ ಮಾತೂ ಇಲ್ಲ. ಕಂಡದ್ದು ಮಾತ್ರ.

ಕಿಟಕಿ ಪಕ್ಕದ ಹುಡುಗಿ ಮಾತೇ ಆಡುವುದಿಲ್ಲ ಎಂದು ಅವಳ ಅಪ್ಪನನ್ನು ಕರೆಸಿ ದೂರು ಹೇಳಿದ್ದೆ. ಆರು ಸಲ. ನಾನು ಒಂದು ಸಲವೂ ನೋಡಲಿಲ್ಲ.

ಆಗಸ್ಟ್ 19, ಸೋಮವಾರ

ಹನ್ನೊಂದು ಪುಸ್ತಕವನ್ನೂ ಓದಿ ಸಹಿ ಹಾಕಿದೆ. ಗಂಟೆ ಬಾರಿಸಿದ ಮೇಲೂ ಓದುತ್ತಿದ್ದೆ. ವಿಜ್ಞಾನದ ಮೇಷ್ಟ್ರು ಈ ವಾರ ಅಂಗಳದಲ್ಲಿ ನೆರಳು ಅಳೆಸುತ್ತಾರಂತೆ. ಆ ಮನುಷ್ಯನಿಗೆ ಇಷ್ಟೆಲ್ಲ ಹೊಳೆಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನೂ ನೋಡಲು ಬರಬಹುದೇ ಎಂದು ಕೇಳಿದೆ. ಗಾಬರಿಯಾಗಿ ಹೂಂ ಎಂದರು.

ಆಗಸ್ಟ್ 21, ಬುಧವಾರ

ಏಳನೇ ತರಗತಿ. "ಒಂದು ಆಯತದ ಉದ್ದ ಎರಡರಷ್ಟಾಯಿತು, ಅಗಲವೂ ಎರಡರಷ್ಟಾಯಿತು. ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆ?" ಕೇಳಿ ಬಾಯಿ ಮುಚ್ಚಿಕೊಂಡೆ. ಕಿಟಕಿಯ ಸರಳು ಎಣಿಸಿದೆ. ಏಳು ಸರಳು. ಇಷ್ಟು ಉದ್ದದ ಮೌನ ನನ್ನ ತರಗತಿಯಲ್ಲಿ ಯಾವತ್ತೂ ಇರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲಿ ಕೂತು ಚುಚ್ಚುತ್ತಿತ್ತು. ಮಕ್ಕಳು ನನಗೆ ಹುಷಾರಿಲ್ಲವೇನೋ ಎಂಬಂತೆ ನೋಡತೊಡಗಿದರು. ಎರಡನೇ ಸಲ ಸರಳು ಎಣಿಸಿದೆ. ಮುಂದಿನ ಬೆಂಚಿನವನ ಕೈ ಎದ್ದಿತು, ಅವನನ್ನು ಕೇಳಲಿಲ್ಲ. ಮೂರನೇ ಸಲ ಎಣಿಸುವಾಗ ಕಿಟಕಿ ಪಕ್ಕದ ಕೈ ಅರ್ಧ ಮೇಲೆ ಬಂತು. ತಲೆಯಾಡಿಸಿದೆ.

"ನಾಲ್ಕು ಪಟ್ಟು ಮೇಡಂ."

"ಹೇಗಮ್ಮ?"

"ಈ ಕಿಟಕಿ ಅಷ್ಟು ದೊಡ್ಡದಾದ್ರೆ ಅದರೊಳಗೆ ಇಂಥವು ನಾಲ್ಕು ಕೂರುತ್ತೆ. ಮೇಲೆ ಎರಡು, ಕೆಳಗೆ ಎರಡು."

ನಾನು ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೇಳಿಲ್ಲ. ಇದನ್ನು ಮೊದಲು ಹೇಳಬೇಕೆನಿಸಿದ್ದು ಆರನೇ ತರಗತಿಯ ಟೀಚರಿಗೆ. ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ ಹೇಳಿದೆ. ಅವರು ಕೇಳಿ ಗಟ್ಟಿಯಾಗಿ ನಕ್ಕರು. ಅವರ ಧ್ವನಿ ಅಷ್ಟೇನೂ ಸಣ್ಣದಲ್ಲ.

ಆಗಸ್ಟ್ 25, ಭಾನುವಾರ

ವಿಶೇಷವೇನಿಲ್ಲ. ಬಟ್ಟೆ ಒಗೆದೆ. ಮಧ್ಯಾಹ್ನ ತರಕಾರಿ ಹೆಚ್ಚುತ್ತಾ ಕೂತಿದ್ದಾಗ ಮಗಳು ನೋಟ್‌ಬುಕ್ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಒಂದು ಲೆಕ್ಕ ಬರುತ್ತಿಲ್ಲ ಎಂದಳು. "ಎಲ್ಲೀ ತನಕ ಬಂತು?" ಎಂದೆ. ಓದುತ್ತಾ ಹೋದಳು, ನಡುವೆ ತಾನೇ, "ಓ, ಇಲ್ಲಿ," ಎಂದು ಅಳಿಸಿದಳು. ನಾನು ಏನೂ ಮಾಡಲಿಲ್ಲ, ಬೀನ್ಸಿನ ನಾರು ತೆಗೆಯುತ್ತಿದ್ದೆ. ಇನ್ನೂ ಎರಡು ಲೆಕ್ಕ ಅಲ್ಲೇ ಕೂತು ಮಾಡಿದಳು.

ನಾಳೆಯ ಸಾರಿಗೆ ಬೇಳೆ ನೆನೆಹಾಕುವುದು ಮರೆತೆ.

ಆಗಸ್ಟ್ 28, ಬುಧವಾರ

ಮಕ್ಕಳ ಮುಂದೆ ಮಾಡಿದ ತಪ್ಪನ್ನು ಸ್ಟಾಫ್ ರೂಮಿನಲ್ಲಿ ಒಪ್ಪಿಕೊಂಡರೆ ಆಗುವುದಿಲ್ಲ ಎಂದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

ಮೂರನೇ ಪೀರಿಯಡ್ಡಿಗೆ ಆರನೇ ತರಗತಿಯ ಬಾಗಿಲಲ್ಲಿ ನಿಂತು, "ಟೀಚರ್, ಎರಡು ನಿಮಿಷ ಬರಬಹುದಾ?" ಎಂದೆ. ಒಳಗೆ ಹೋಗಿ ಮಕ್ಕಳಿಗೆ ಹೇಳಿದೆ: "ಹೋದ ತಿಂಗಳು ಒಂದಿನ ನಾನು ಬಂದು ನಿಮ್ಮ ಟೀಚರ್ ಬರೆದಿದ್ದನ್ನ ಅಳಿಸಿದೆ. ಅವರು ನಿಮಗೆ ಒಂದು ವಿಷಯ ಕಂಡುಹಿಡಿಯೋಕೆ ಕೊಟ್ಟಿದ್ರು. ನಾನು ತಾಳ್ಮೆ ಕಳ್ಕೊಂಡು ಹಾಳು ಮಾಡಿದೆ. ತಪ್ಪು ನಂದು. ಟೀಚರ್, ನನ್ನ ಕ್ಷಮಿಸಿ."

ಟೀಚರ್ ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟರು, ಮುಖ ಕಾಣಲಿಲ್ಲ. ಆಗ ಮೊದಲ ಬೆಂಚಿನ ಆ ಚೂಟಿ ಎದ್ದು ನಿಂತು, "ಹಾಗಾದ್ರೆ ಐದರಲ್ಲಿ ಎರಡೇ ಸರಿನಾ ಮೇಡಂ?" ಎಂದಳು.

ದೇವರೇ! ಬಾಯಿ ತೆರೆದಿದ್ದೆ. ತೆರೆದ ಬಾಯನ್ನು ಮುಚ್ಚಿ, "ಅದನ್ನ ನಿಮ್ಮ ಟೀಚರ್ ಹತ್ರಾನೇ ಕೇಳು," ಎಂದು ಹೊರಗೆ ಬಂದೆ. ಕಾರಿಡಾರಿನ ಕೊನೆಯವರೆಗೂ ಹಿಂದೆ ತಿರುಗಲಿಲ್ಲ.

ಮಧ್ಯಾಹ್ನ ಅವರನ್ನು ಕರೆಸಿದೆ. ಡ್ರಾಯರಿನ ಬೀಗ ಅವರೆದುರೇ ತೆಗೆದೆ. "ಇದು ಪರಿಶೀಲನೆಯಲ್ಲಿರಲಿಲ್ಲ. ನಾನೇ ಬಚ್ಚಿಟ್ಟಿದ್ದೆ. ನೀವು ಹೋದರೆ ನನ್ನ ತಪ್ಪು ಎಲ್ಲರಿಗೂ ಕಾಣುತ್ತೆ ಅಂತ." ಸಹಿ ಹಾಕಿದೆ, ಮೊಹರು ಒತ್ತಿದೆ, ಅವರ ಕೈಗೇ ಕೊಟ್ಟೆ. "ನಾಡಿದ್ದು ಕೊನೆ ದಿನ. ನೀವೇ ಹೋಗಿ ತಲುಪಿಸಬಹುದು. ನೀವು ಎಲ್ಲಿಗೆ ಹೋದರೂ ಒಳ್ಳೆ ಟೀಚರ್ ಅಂತ ಬರೆದು ಕೊಡ್ತೀನಿ. ಇಲ್ಲೇ ಇದ್ರೆ ನನಗೆ ಸಂತೋಷ. ಆದ್ರೆ ಅದನ್ನ ನೀವು ಲೆಕ್ಕಕ್ಕೆ ತಗೋಬೇಕಿಲ್ಲ."

ಕಾಗದ ನಾಲ್ಕು ಮಡಿಕೆ ಮಡಚಿ ಕೈಚೀಲದಲ್ಲಿಟ್ಟುಕೊಂಡು, "ಥ್ಯಾಂಕ್ಸ್ ಮೇಡಂ," ಎಂದು ಹೋದರು.

ಆಗಸ್ಟ್ 30, ಶುಕ್ರವಾರ

ಕೊನೆ ದಿನ. ಮಧ್ಯಾಹ್ನ ಅವರು ಅರ್ಧ ದಿನದ ರಜೆ ಕೇಳಿದರು. ಕೊಟ್ಟೆ. ಕಾರಣ ಕೇಳಲಿಲ್ಲ. ಗೇಟು ದಾಟಿ ಬಸ್ ನಿಲ್ದಾಣದ ಕಡೆ ಹೋದದ್ದು ಕಿಟಕಿಯಿಂದ ಕಂಡಿತು.

ಆರನೇ ತರಗತಿಗೆ ನಾನೇ ಹೋದೆ. ಕಥೆ ಓದಿ ಹೇಳಿದೆ. ಭಿನ್ನರಾಶಿ ಮುಟ್ಟಲಿಲ್ಲ.

ಆಗಸ್ಟ್ 31, ಶನಿವಾರ

ಕೊನೆಯ ತರಬೇತಿ. ಪ್ರಮಾಣಪತ್ರ ಕೊಟ್ಟರು, ಅದರಲ್ಲಿ ನನ್ನ ಶಾಲೆಯ ಹೆಸರು ತಪ್ಪಾಗಿದೆ. ಗೊರಕೆ ಮೇಷ್ಟ್ರು ಇಡೀ ದಿನ ಎಚ್ಚರವಾಗಿದ್ದರು. ಹಳೆಯ ಟೀಚರುಗಳಲ್ಲಿ ಒಬ್ಬರಿಗೆ ಫೋನ್ ಮಾಡಿ ಮಾತಾಡಿದರಂತೆ.

ಹಿರಿಯಮ್ಮ, "ಅವರು ಇರ್ತಾರಾ, ಹೋಗ್ತಾರಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಕೇಳಲಿಲ್ವಾ?" "ಇಲ್ಲ." ಅವರು ನನ್ನ ತುಟಿ ನೋಡುವುದನ್ನು ಬಿಟ್ಟು ಮೊದಲ ಸಲ ನನ್ನ ಕಣ್ಣು ನೋಡಿದರು.

ಮನೆಗೆ ಬಂದು ಅತ್ತುಬಿಟ್ಟೆ. ಟೀಚರ್ ಹೋಗುವುದು ನನಗೆ ಬೇಕಿಲ್ಲ. ಇವರು ಹೊಲಿಗೆ ಯಂತ್ರ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತರು, ತಮಾಷೆ ಮಾಡಲಿಲ್ಲ.

ಸೆಪ್ಟೆಂಬರ್ 2, ಸೋಮವಾರ

ಪಾಠ ಯೋಜನೆಗಳನ್ನು ಓದಿದೆ. ಆರನೇ ತರಗತಿಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬುಧವಾರ, ಮೂರನೇ ಪೀರಿಯಡ್: "1/2 + 1/3, ಮತ್ತೊಮ್ಮೆ. ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ. ಸೀಮೆಸುಣ್ಣವಿಲ್ಲದೆ."

ಸಹಿ ಹಾಕಿದೆ. ಅರ್ಜಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವರ್ಗಾವಣೆಯ ಪಟ್ಟಿ ಬರುವವರೆಗೆ ಇಲ್ಲೇ ಪಾಠ ಮಾಡಬೇಕಲ್ಲ, ಅದಕ್ಕೇ ಇರಬಹುದು.

ಸೆಪ್ಟೆಂಬರ್ 4, ಬುಧವಾರ

ನನ್ನ ಕೈಚೀಲದಲ್ಲಿ ಯಾವಾಗಲೂ ಇರುವ ಸೀಮೆಸುಣ್ಣದ ತುಂಡನ್ನು ಡ್ರಾಯರಿನಲ್ಲಿಟ್ಟು ಹೋದೆ. ಹಾಳೆಯ ಎಡಗಡೆ ಬರೆದದ್ದನ್ನು ಇಲ್ಲಿ ನಕಲು ಮಾಡುತ್ತೇನೆ:

"ಟೀಚರ್ ಬೋರ್ಡಿನ ಮೇಲೆ 2/5 ಮತ್ತು 5/6 ಎರಡನ್ನೂ ಬರೆದು ಚೌಕ ಹಾಕಿದರು. 'ಇವೆರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ನಾನು ಹೇಳಿದೆ ಅಂತ ಬೇಡ, ಹೆಡ್‌ಮೇಡಂ ಬರೆದ್ರು ಅಂತಾನೂ ಬೇಡ. ಪಟ್ಟಿ ಮಡಚಿ ತೋರಿಸಿ,' ಎಂದರು. ಹನ್ನೆರಡು ಮಕ್ಕಳು 2/5 ಕಡೆ ಕೈ ಎತ್ತಿದರು. ಎಲ್ಲರಿಗೂ ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಹಂಚಿದರು. ಒಬ್ಬ ಐದು ಮಡಿಕೆ ಸಮ ಬರಲಿಲ್ಲವೆಂದು ಮೂರು ಸಲ ಬಿಚ್ಚಿದ. ಟೀಚರ್ ಸುಮ್ಮನೆ ನಿಂತಿದ್ದರು. ಮೊದಲ ಬೆಂಚಿನ ಹುಡುಗಿ ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದಳು. ಆಮೇಲೆ ಎದ್ದು ನಿಂತು, 'ಟೀಚರ್, ಇದು ಅರ್ಧಕ್ಕಿಂತ ಚಿಕ್ಕದು! ಅರ್ಧ ನನ್ನ ಹತ್ರ ಮೊದಲೇ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದ್ರೆ ಇದ್ದಿದ್ದೂ ಕಮ್ಮಿ ಆಗುತ್ತಾ?' ಎಂದಳು. ತರಗತಿಯೆಲ್ಲ ಒಟ್ಟಿಗೆ ಮಾತಾಡಿತು. ಅವಳೇ ಹೋಗಿ 2/5 ಅಳಿಸಿದಳು."

ನಾನು ಆ ಹೊತ್ತೆಲ್ಲ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಇದನ್ನು ಹಾಳೆಯಲ್ಲಿ ಬರೆದಿಲ್ಲ.

ಪಟ್ಟಿ ಹಂಚುವಾಗ ಅವರು ಹಿಂದಿನ ಬೆಂಚಿನವರೆಗೂ ಬಂದು ನನಗೂ ಒಂದು ಕೊಟ್ಟಿದ್ದರು. ಮಕ್ಕಳ ಗಲಾಟೆಯ ನಡುವೆ ನಾನೂ ಮಡಚಿ ನೋಡೋಣವೆಂದು ಅದನ್ನು ತಿರುಗಿಸಿದೆ. ಹಿಂಬದಿಯಲ್ಲಿ ದುಂಡು ಮೊಹರಿನ ಅರ್ಧ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ನನ್ನ ಸಹಿಯ ಬಾಲ. ನನ್ನ ಎದುರಿನ ಬೆಂಚಿನವನ ಕೈಯಲ್ಲಿದ್ದ ಪಟ್ಟಿಯ ಮೇಲೆ "ವೈಯಕ್ತಿಕ" ಎಂದಿತ್ತು. ಅವನು ಅದನ್ನು ಐದು ಮಡಿಕೆ ಮಡಚುತ್ತಿದ್ದ.

ಗಂಟೆ ಬಾರಿಸಿ ಮಕ್ಕಳು ಹೊರಗೆ ಓಡಿದ ಮೇಲೆ ಅವರು ಬಂದು ನನ್ನ ಬೆಂಚಿನಲ್ಲೇ ಕೂತರು. "ಶುಕ್ರವಾರ ಆ ಕಚೇರಿ ತನಕ ಹೋಗಿದ್ದೆ ಮೇಡಂ. ಸಾಲಲ್ಲಿ ನಿಂತಿದ್ದೆ. ಮುಂದಿದ್ದವರು 'ಯಾಕಮ್ಮ ವರ್ಗ?' ಅಂತ ಕೇಳಿದ್ರು. ಹೇಳೋಣ ಅಂದ್ರೆ ಕಾರಣ ಏನೂ ಉಳಿದಿರಲಿಲ್ಲ. ಪೇಪರ್ ದಪ್ಪ ಇತ್ತು, ಮಡಿಕೆ ಚೆನ್ನಾಗಿ ನಿಲ್ಲುತ್ತೆ ಅಂತ ವಾಪಸ್ ತಂದೆ."

ಪಟ್ಟಿಯನ್ನು ಈ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

ಹಾಳೆಯ ಬಲಗಡೆ ಖಾಲಿ ಬಿಟ್ಟೇ ಅವರಿಗೆ ಕೊಟ್ಟೆ. ಅಲ್ಲಿ ಬರೆಯಬೇಕಿದ್ದದ್ದನ್ನು ಇಲ್ಲಿ ಬರೆಯುತ್ತೇನೆ: ತುಂಬಾ ಸಂತೋಷವಾಯಿತು.